ರಜೆಯ ಪಟ್ಟಿ ಮತ್ತು ಹೆತ್ತವರ ಸಹಿ: ಕರಾವಳಿಯ ಕ್ಯಾಥೊಲಿಕ್ ಶಾಲೆಗಳ ಒಂದು ನೆನಪು, ಒಂದು ಇತಿಹಾಸ

(ಓರೆಬ್ರೂ ನಗರದಲ್ಲಿ ಕೂಟದ ಕುಟುಂಬಗಳು ಸೇರಿದ್ದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೃತ್ತಿಯಿಂದ ನಾನು ವೈದ್ಯ. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಹೊರದೇಶದಲ್ಲಿ ರೆಸಿಡೆನ್ಸಿ ಮಾಡಿ, ರೋಗಿಯ ಚರಿತ್ರೆಯನ್ನು ಕೇಳಿ ಬರೆದುಕೊಳ್ಳುವುದಷ್ಟನ್ನೇ ಕಲಿತವನು. ದೇಶದ ಚರಿತ್ರೆಯನ್ನು ಹೇಳುವ ಅಧಿಕಾರ ನನಗಿಲ್ಲ. ಆದರೂ ಕೂಟದ ಕಾರ್ಯದರ್ಶಿಗಳು ಬಿಡಲಿಲ್ಲ. ಮಕ್ಕಳ ಶಾಲೆಯ ವಿಷಯವಾಗಿ ಏನಾದರೂ ಮಾತನಾಡಿ, ಎಲ್ಲರಿಗೂ ಅದೇ ಚಿಂತೆ ಎಂದರು. ನಿಜ. ಇಲ್ಲಿ ನಾವು ಇಬ್ಬರು ಕನ್ನಡಿಗರು ಸೇರಿದರೆ ಮೊದಲು ಹವಾಮಾನ, ಆಮೇಲೆ ಮಕ್ಕಳ ಶಾಲೆ. ದೀಪಾವಳಿಗೆ ರಜೆ ಕೊಡುತ್ತಾರೆಯೇ? ಊರಿಗೆ ಹೋಗಲು ಡಿಸೆಂಬರಿನಲ್ಲಿ ಎರಡು ವಾರ ಹೆಚ್ಚು ಕೇಳಬಹುದೇ? ಚರ್ಚಿನಲ್ಲಿ ನಡೆಯುವ ಶಾಲಾ ಸಮಾರಂಭಕ್ಕೆ ಮಗುವನ್ನು ಕಳಿಸಬೇಕೇ, ಬೇಡವೇ?

ಈ ಪ್ರಶ್ನೆಗಳನ್ನು ಕೇಳಿದಾಗಲೆಲ್ಲ ನನಗೆ ಇವು ಹೊಸವೆಂದು ಅನ್ನಿಸುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಬೆಳೆದ ನಮ್ಮಂಥವರ ಹೆತ್ತವರು ಇವನ್ನೇ ಕೇಳಿದ್ದರು. ಸ್ವೀಡನ್ನಿನಲ್ಲಲ್ಲ, ಮನೆಯಿಂದ ಎರಡು ಮೈಲಿ ದೂರದ ಕ್ಯಾಥೊಲಿಕ್ ಶಾಲೆಯಲ್ಲಿ. ಆದ್ದರಿಂದ ಇಂದು ಆ ಶಾಲೆಗಳ ರಜೆಯ ಪಟ್ಟಿಯನ್ನೂ ನಿಯಮಗಳ ಪುಟವನ್ನೂ ಎದುರಿಗಿಟ್ಟುಕೊಂಡು ಸ್ವಲ್ಪ ಹಳೆಯ ಮಾತು ಆಡಬೇಕೆಂದಿದ್ದೇನೆ.

ಮೊದಲು, ನಾವು ಕುಳಿತಿರುವ ಈ ಊರಿನಿಂದಲೇ ಆರಂಭಿಸೋಣ. ಓರೆಬ್ರೂ ಎಂದರೆ ಕೋಟೆ, ಹೊಳೆ, ಅಣಬೆಯಾಕಾರದ ನೀರಿನ ಗೋಪುರ ಎಂದಷ್ಟೇ ನಮ್ಮ ಮಕ್ಕಳಿಗೆ ಗೊತ್ತು. ಆದರೆ ಐದು ಶತಮಾನಗಳ ಹಿಂದೆ ಈ ಊರಿನಲ್ಲಿ ಕಾರ್ಮೆಲ್ ಸಂನ್ಯಾಸಿಗಳ ಒಂದು ಮಠವಿತ್ತು. ಇಲ್ಲಿಯ ಕಮ್ಮಾರನೊಬ್ಬನ ಮಗ, 1493ರಲ್ಲಿ ಹುಟ್ಟಿದ ಓಲಾಸ್ ಪೆಟ್ರಿ, ಅಕ್ಷರ ಕಲಿತದ್ದು ಆ ಮಠದಲ್ಲೇ ಎಂದು ಹೇಳುತ್ತಾರೆ. ಮುಂದೆ ಆತ ವಿಟೆನ್‌ಬರ್ಗ್‌ಗೆ ಹೋಗಿ ಲೂಥರನ ವಿಚಾರಗಳನ್ನು ಹೊತ್ತು ತಂದು, ತನಗೆ ಅಕ್ಷರ ಕಲಿಸಿದ ಮಠಗಳನ್ನೇ ಮುಚ್ಚಿಸಿದ ಚಳವಳಿಯ ಮುಂದಾಳಾದ. ಆತನ ತಮ್ಮ ಲಾರೆಂಟಿಯಸ್ 1531ರಲ್ಲಿ ಉಪ್ಸಾಲದ ಮೊದಲ ಲೂಥರನ್ ಆರ್ಚ್‌ಬಿಷಪ್ ಆದ. ಕ್ಯಾಥೊಲಿಕ್ ಶಾಲೆಯಲ್ಲಿ ಓದಿದವರೆಲ್ಲ ಕ್ಯಾಥೊಲಿಕ್ಕರಾಗಿಯೇ ಹೊರಬರುತ್ತಾರೆ ಎಂದು ಹೆದರುವವರು ಈ ಅಣ್ಣತಮ್ಮಂದಿರನ್ನು ನೆನೆಯಬಹುದು.

1529ರಲ್ಲಿ ಇದೇ ಓರೆಬ್ರೂವಿನಲ್ಲಿ ಧರ್ಮಸಭೆಯೊಂದು ಕೂಡಿತು. ಅದರ ತೀರ್ಮಾನಗಳಲ್ಲಿ ನಮಗೆ ಇಂದು ಪ್ರಸ್ತುತವಾದವು ಎರಡು: ಶಾಲೆಗಳಲ್ಲಿ ಬೈಬಲಿನ ಪಾಠ ನಡೆಯತಕ್ಕದ್ದು, ಮತ್ತು ಸಂತರ ಹಬ್ಬಗಳ ಸಂಖ್ಯೆಯನ್ನು ಕಡಿಮೆ ಮಾಡತಕ್ಕದ್ದು. ಎಂದರೆ ರಜೆಯ ಪಟ್ಟಿಗೆ ಕತ್ತರಿ ಬಿದ್ದ ಊರು ಇದು! ಆ ಕತ್ತರಿ ಆಮೇಲೆ ಸುಮ್ಮನಾಗಲಿಲ್ಲ. 1772ರಲ್ಲಿ ಮೂರನೆಯ ಗುಸ್ತಾವ್ ದೊರೆಯ ಕಾಲದಲ್ಲಿ ಇಪ್ಪತ್ತರಷ್ಟು ಹಬ್ಬದ ದಿನಗಳನ್ನು ಒಂದೇ ಏಟಿಗೆ ಕೆಲಸದ ದಿನಗಳನ್ನಾಗಿ ಮಾಡಿದರು. ಸ್ವೀಡನ್ನಿನವರು ಅದನ್ನು ‘ಹಬ್ಬಗಳ ಮಹಾಮರಣ’ ಎಂದೇ ಕರೆಯುತ್ತಾರೆ. 2005ರಲ್ಲಿ ಜೂನ್ 6ರ ರಾಷ್ಟ್ರೀಯ ದಿನಕ್ಕೆ ರಜೆ ಕೊಡುವಾಗ ಪೆಂಟೆಕಾಸ್ಟಿನ ಸೋಮವಾರದ ರಜೆಯನ್ನು ತೆಗೆದುಹಾಕಿದರು. ಒಂದನ್ನು ಕೊಟ್ಟು ಒಂದನ್ನು ತೆಗೆದುಕೊಳ್ಳುವ ಈ ವ್ಯಾಪಾರವನ್ನು ದಯವಿಟ್ಟು ನೆನಪಿನಲ್ಲಿಡಿ. ಮಂಗಳೂರಿಗೆ ಹೋದಾಗ ಮತ್ತೆ ಬರುತ್ತದೆ.

ಇನ್ನೊಂದು ಕಹಿಯಾದ ಸಂಗತಿಯೂ ಈ ಊರಿಗೆ ಅಂಟಿಕೊಂಡಿದೆ. 1617ರಲ್ಲಿ ಎರಡನೆಯ ಗುಸ್ತಾವ್ ಅಡಾಲ್ಫ್ ಇಲ್ಲಿ ಸೇರಿಸಿದ ಸಂಸತ್ತಿನಲ್ಲಿ ಓರೆಬ್ರೂ ಶಾಸನವೆಂಬುದು ಹೊರಟಿತು. ಲೂಥರನ್ ಮತ ಬಿಟ್ಟು ಕ್ಯಾಥೊಲಿಕ್ ಮತ ಹಿಡಿದ ಪ್ರಜೆಗೆ ಆಸ್ತಿಯ ಹಕ್ಕಿಲ್ಲ, ದೇಶದಲ್ಲಿ ಜಾಗವಿಲ್ಲ. 1624ರಲ್ಲಿ ಸೋದರ್‌ಟೆಲ್ಯೆ ಪಟ್ಟಣದ ಮೇಯರ್ ಜಕಾರಿಯಾಸ್ ಅಂತೇಲಿಯಸ್ ಇದೇ ಅಪರಾಧಕ್ಕಾಗಿ ತಲೆ ಕೊಡಬೇಕಾಯಿತು. ಆಗಿನ ಪೋಲೆಂಡಿನೊಡನೆ ಸ್ವೀಡನ್ನಿಗೆ ಸಿಂಹಾಸನದ ಕದನವಿದ್ದುದರಿಂದ, ಜೆಸುಯಿಟ್ ಶಾಲೆಯಲ್ಲಿ ಓದಿ ಬಂದ ಯುವಕನೆಂದರೆ ಶತ್ರುವಿನ ಗೂಢಚಾರನೆಂಬ ಗುಮಾನಿ. ಅದಕ್ಕೆ ನಲವತ್ತು ವರ್ಷ ಮೊದಲು, 1576ರಲ್ಲಿ, ಮೂರನೆಯ ಯೋಹಾನ್ ದೊರೆಯ ಆಶ್ರಯದಲ್ಲಿ ಸ್ಟಾಕ್‌ಹೋಮಿನಲ್ಲೇ ಜೆಸುಯಿಟರೊಬ್ಬರು ಶಾಲೆ ತೆರೆದಿದ್ದರು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಗಿತ್ತು. 1781ರಲ್ಲಿ ವಿದೇಶೀಯರಾದ ಕ್ಯಾಥೊಲಿಕ್ಕರಿಗೆ ಮಾತ್ರ ಆರಾಧನೆಯ ಅನುಮತಿ ದೊರೆಯಿತು. ಯಾವ ಮತಸಂಸ್ಥೆಗೂ ಸೇರದೆ ಇರುವ ಪೂರ್ಣ ಸ್ವಾತಂತ್ರ್ಯ ಇಲ್ಲಿಯ ಜನರಿಗೆ ದೊರೆತದ್ದು 1951ರ ಕಾನೂನಿನಿಂದ. ಎಂದರೆ ನಮ್ಮ ಸಂವಿಧಾನ ಜಾರಿಗೆ ಬಂದ ಬಳಿಕ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮುಂದುವರಿದ ದೇಶವೆಂದು ನಾವು ಬೆರಗಿನಿಂದ ನೋಡುವ ನಾಡೂ ಈ ದಾರಿಯನ್ನು ನಿಧಾನವಾಗಿಯೇ ನಡೆಯಿತೆಂಬುದಕ್ಕಾಗಿ ಹೇಳಿದೆ.

ಹಾಗಾದರೆ ಅಷ್ಟು ಹೆದರಿಕೆ ಹುಟ್ಟಿಸಿದ ಜೆಸುಯಿಟ್ ಶಾಲೆಯಲ್ಲಿ ನಡೆಯುತ್ತಿದ್ದುದೇನು? ಅವರ ನಿಯಮಾವಳಿ 1599ರಲ್ಲೇ ಅಚ್ಚಾಯಿತು; ‘ರಾಸಿಯೋ ಸ್ತುದಿಯೋರುಮ್’ ಎಂದು ಅದರ ಲ್ಯಾಟಿನ್ ಹೆಸರು. ಅದನ್ನು ಓದಿದಾಗ ನನಗೆ ನಗು ಬಂತು, ಏಕೆಂದರೆ ನಮ್ಮ ಶಾಲೆಯ ಮುಖ್ಯೋಪಾಧ್ಯಾಯರ ಧ್ವನಿಯೇ ಅಲ್ಲಿತ್ತು. ಹುಡುಗನನ್ನು ಶಾಲೆಗೆ ಸೇರಿಸಲು ತಂದೆತಾಯಿ ಅಥವಾ ರಕ್ಷಕರು ಜೊತೆಯಲ್ಲಿ ಬರಬೇಕು. ಬಡವ, ಕೀಳು ಸ್ಥಿತಿಯವನು ಎಂಬ ಕಾರಣಕ್ಕೆ ಯಾರನ್ನೂ ಹಿಂದಕ್ಕೆ ಕಳಿಸಬಾರದು. ವಾರ್ಷಿಕ ರಜೆಯಾದರೋ ದೊಡ್ಡವರಿಗೆ ಹೆಚ್ಚು, ಸಣ್ಣವರಿಗೆ ಕಡಿಮೆ: ಮೇಲಿನ ಅಲಂಕಾರಶಾಸ್ತ್ರದ ತರಗತಿಗೆ ಒಂದು ತಿಂಗಳು, ಕೆಳಗಿನ ವ್ಯಾಕರಣದ ತರಗತಿಗೆ ಒಂದೇ ವಾರ! ಸಣ್ಣ ಮಕ್ಕಳು ಬೇಗ ಮರೆಯುತ್ತಾರೆಂಬ ಭಯವಿರಬೇಕು. ಶಿಕ್ಷೆಯ ವಿಷಯದಲ್ಲಿ ಇನ್ನೂ ಸ್ವಾರಸ್ಯವಾದ ಏರ್ಪಾಡು. ಪಾದ್ರಿಗಳು ತಾವೇ ಹುಡುಗರನ್ನು ಹೊಡೆಯಕೂಡದು. ಅದಕ್ಕಾಗಿ ಸಂಘಕ್ಕೆ ಸೇರದ ಬೇರೊಬ್ಬ ಮನುಷ್ಯನನ್ನು ನೇಮಿಸಬೇಕು. ನಮ್ಮ ಶಾಲೆಯಲ್ಲಿ ಆ ಹುದ್ದೆಯನ್ನು ಡ್ರಿಲ್ ಮಾಸ್ತರರು ನಿರ್ವಹಿಸುತ್ತಿದ್ದರು.

ಈಗ ಮಂಗಳೂರಿಗೆ ಬರೋಣ.

ಕೆನರಾ ಕರಾವಳಿಯ ಕ್ಯಾಥೊಲಿಕ್ಕರು ಬಹುಮಟ್ಟಿಗೆ ಗೋವೆಯ ಕಡೆಯಿಂದ ಬಂದು ನೆಲೆಸಿದ ಕೊಂಕಣಿ ಮಾತಿನ ರೈತರು. ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ, ಇಗರ್ಜಿಯಲ್ಲಿ ಲ್ಯಾಟಿನ್. ಇವರ ನಡುವೆ 1834ರಲ್ಲಿ ಬಾಸೆಲ್ ಮಿಷನ್ನಿನ ಪ್ರೊಟೆಸ್ಟಂಟರು ಬಂದಿಳಿದು ಶಾಲೆ, ಅಚ್ಚುಕೂಟ, ಹೆಂಚಿನ ಕಾರ್ಖಾನೆಗಳನ್ನು ಆರಂಭಿಸಿದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹೊರಟದ್ದೂ ಅವರಿಂದಲೇ. ಇಂಗ್ಲಿಷ್ ಕಲಿಯಬೇಕೆಂದರೆ ಕ್ಯಾಥೊಲಿಕ್ ಹುಡುಗ ಪ್ರೊಟೆಸ್ಟಂಟರ ಬಾಗಿಲು ತಟ್ಟುವ ಸಂದರ್ಭ ಬಂತು. ಊರಿನ ಕ್ಯಾಥೊಲಿಕ್ ಕುಟುಂಬಗಳ ಹಿರಿಯರು ರೋಮಿಗೆ ಅರ್ಜಿಯ ಮೇಲೆ ಅರ್ಜಿ ಬರೆದರು: ನಮಗೊಂದು ಕಾಲೇಜು ಬೇಕು, ಅದನ್ನು ನಡೆಸಲು ಜೆಸುಯಿಟರನ್ನು ಕಳಿಸಿ ಎಂದು. ಹದಿಮೂರನೆಯ ಲಿಯೋ ಪೋಪರು 1878ರಲ್ಲಿ ಮಂಗಳೂರು ಮಿಷನ್ನನ್ನು ಜೆಸುಯಿಟರಿಗೆ ವಹಿಸಿದರು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಅವರು ಮಂಗಳೂರಿಗೆ ಬಂದರು. 1880ರ ಜನವರಿ 12ರಂದು ಸುಮಾರು 150 ಹುಡುಗರೊಡನೆ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಹೀಗೆ ಆ ಸಂಸ್ಥೆಯ ಮೂಲದಲ್ಲಿರುವುದು ಹೆತ್ತವರ ಅರ್ಜಿ. ಶಾಲೆಯವರು ಕುಟುಂಬಗಳನ್ನು ಹುಡುಕಿಕೊಂಡು ಬಂದದ್ದಕ್ಕಿಂತ ಕುಟುಂಬಗಳು ಶಾಲೆಯನ್ನು ಹುಡುಕಿಕೊಂಡು ಹೋದದ್ದೇ ಇಲ್ಲಿ ಹೆಚ್ಚು.

ಹೆಣ್ಣುಮಕ್ಕಳ ಶಿಕ್ಷಣ ಅದಕ್ಕೂ ಮೊದಲೇ ಬಂದಿತ್ತು. 1870ರ ನವೆಂಬರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದು ಸಂತ ಆನ್ನರ ಶಾಲೆಯನ್ನು ತೆರೆದರು. ಅದೇ ಸಭೆಯವರು 1921ರಲ್ಲಿ ಸಂತ ಆಗ್ನೆಸ್ ಕಾಲೇಜನ್ನು ಸ್ಥಾಪಿಸಿದರು. ಓರೆಬ್ರೂವಿನಲ್ಲಿ ಕಮ್ಮಾರನ ಮಕ್ಕಳಿಗೆ ಅಕ್ಷರ ಕಲಿಸಿದ ಕಾರ್ಮೆಲ್ ಎಂಬ ಹೆಸರೇ ಮೂರೂವರೆ ಶತಮಾನಗಳ ಅನಂತರ ಮಂಗಳೂರಿನ ಹುಡುಗಿಯರ ಕೈಗೆ ಸ್ಲೇಟು ಕೊಟ್ಟಿತು. ವೈದ್ಯನಾದ ನಾನು ಇನ್ನೊಂದು ಹೆಸರನ್ನು ಬಿಡುವಂತಿಲ್ಲ. ಕಾಲೇಜು ಹುಟ್ಟಿದ ಅದೇ 1880ರಲ್ಲಿ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಹೋಮಿಯೋಪತಿಯ ಔಷಧ ಕೊಡಲಾರಂಭಿಸಿದರು. ಆ ಔಷಧಾಲಯವೇ ಬೆಳೆದು ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆಯಾಯಿತು.

ಸ್ವೀಡನ್ನಿನ ಶ್ರೋತೃಗಳಿಗೆ ಹೇಳಲೇಬೇಕಾದ ಒಂದು ಸಣ್ಣ ಸಂಗತಿ ಇದೆ. ಜೆಸುಯಿಟ್ ಪಾದ್ರಿ ಮಫೇಯಿ ಕೊಂಕಣಿಯ ವ್ಯಾಕರಣವನ್ನು 1882ರಲ್ಲೂ ಇಂಗ್ಲಿಷ್–ಕೊಂಕಣಿ ನಿಘಂಟನ್ನು 1883ರಲ್ಲೂ ಹೊರತಂದರು. ಅವನ್ನು ಅಚ್ಚು ಹಾಕಿದ್ದು ಬಾಸೆಲ್ ಮಿಷನ್ ಪ್ರೆಸ್! ಯುರೋಪಿನಲ್ಲಿ ಒಬ್ಬರ ತಲೆಯನ್ನು ಒಬ್ಬರು ತೆಗೆದಿದ್ದ ಎರಡು ಪಂಗಡಗಳವರು ಮಂಗಳೂರಿನ ಸೆಖೆಯಲ್ಲಿ ಒಂದೇ ಪುಸ್ತಕದ ಕರಡು ತಿದ್ದಿರಬೇಕು.

ಉಳಿದವರು ಸುಮ್ಮನೆ ಕೂರಲಿಲ್ಲ. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲನ್ನೂ, 1894ರಲ್ಲಿ ಹುಡುಗಿಯರಿಗಾಗಿ ಇನ್ನೊಂದು ಶಾಲೆಯನ್ನೂ ಸ್ಥಾಪಿಸಿದರು. ಕೆನರಾ ಬ್ಯಾಂಕು ಅವರಿಂದಲೇ ಆದದ್ದು, 1906ರಲ್ಲಿ. ದಕ್ಷಿಣ ಕನ್ನಡ ವಿದ್ಯಾವಂತ ಜಿಲ್ಲೆಯಾದದ್ದು ಈ ಪೈಪೋಟಿಯಿಂದ ಎಂಬುದು ನನ್ನ ತಿಳಿವಳಿಕೆ.

ಇನ್ನು ನಿಯಮಗಳ ಪುಟ. ಶಾಲೆಯ ಡೈರಿ ಎಂದರೆ ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ರಟ್ಟಿನ ಹೊದಿಕೆ, ಒಳಗೆ ಪ್ರಾರ್ಥನೆ, ಸಮವಸ್ತ್ರದ ವಿವರ, ಶುಲ್ಕ ಕಟ್ಟುವ ಕೊನೆಯ ದಿನಾಂಕ, ರಜೆಯ ಪಟ್ಟಿ, ಕೊನೆಯಲ್ಲಿ ‘ಗೈರುಹಾಜರಿಗೆ ಕಾರಣ’ ಎಂಬ ಕೋಷ್ಟಕ, ಅದರ ಪಕ್ಕದಲ್ಲಿ ಹೆತ್ತವರ ಸಹಿ. ನನ್ನ ತಾಯಿ ಹೆಚ್ಚು ಓದಿದವರಲ್ಲ. ಆದರೆ ಆ ಕೋಷ್ಟಕದಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಹೆಸರು ಬರೆಯುವಾಗ ಅವರ ಮುಖದ ಗಾಂಭೀರ್ಯ ಭೂದಾಖಲೆಗೆ ಸಹಿ ಹಾಕುವವರದು.

ಆ ನಿಯಮಗಳಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಧರ್ಮಬೋಧೆಯ ತರಗತಿ. ವಾರದಲ್ಲಿ ಕೆಲವು ಪಿರಿಯಡ್‌ಗಳಲ್ಲಿ ತರಗತಿ ಎರಡಾಗುತ್ತಿತ್ತು. ಕ್ಯಾಥೊಲಿಕ್ ಮಕ್ಕಳು ‘ದೊತೊರ್ನ್’ ಎಂದು ಕೊಂಕಣಿಯಲ್ಲಿ ಕರೆಯುವ ಧರ್ಮೋಪದೇಶಕ್ಕೆ ಎದ್ದು ಹೋಗುತ್ತಿದ್ದರು. ನಾವು ಉಳಿದವರಿಗೆ ‘ನೀತಿಬೋಧೆ’. ಹತ್ತು ವರ್ಷದ ಬಾಲಕನಿಗೆ ಇದು ಬಿಡುವಿನ ವೇಳೆಯಂತೆ ಕಂಡಿತ್ತು. ಇದರ ಹಿಂದೆ ನೂರು ವರ್ಷಗಳ ಜಗ್ಗಾಟವಿದೆಯೆಂದು ತಿಳಿದದ್ದು ಬಹಳ ತಡವಾಗಿ. 1854ರ ವುಡ್ಡರ ಶಿಕ್ಷಣ ನಿರೂಪವು ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನ ಕೊಡುವ ಪದ್ಧತಿಯನ್ನು ತಂದಾಗಲೇ, ಸರಕಾರವು ಮತದ ವಿಷಯದಲ್ಲಿ ತಟಸ್ಥವಾಗಿರಬೇಕು, ಲೌಕಿಕ ಪಾಠ ಚೆನ್ನಾಗಿದೆಯೇ ಎಂದಷ್ಟೇ ನೋಡಬೇಕು ಎಂಬ ತತ್ವವಿತ್ತು. ಮಿಷನ್ ಶಾಲೆಗಳು ಹೆಚ್ಚಿದ್ದು ಈ ಅನುದಾನದಿಂದ. ಆದರೆ ಅನುದಾನ ಪಡೆವ ಶಾಲೆಯಲ್ಲಿ ಬೇರೆ ಮತದ ಮಗು ಬೈಬಲ್ ತರಗತಿಯಲ್ಲಿ ಕೂರಲೇಬೇಕೇ? ಇದಕ್ಕೆ ಕೊನೆಯ ಉತ್ತರ ಕೊಟ್ಟದ್ದು ನಮ್ಮ ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡ. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧರ್ಮಬೋಧೆಗೆ ಅಥವಾ ಆರಾಧನೆಗೆ ಯಾರನ್ನೂ ಒತ್ತಾಯಿಸುವಂತಿಲ್ಲ. ಮಗು ಅಪ್ರಾಪ್ತವಾಗಿದ್ದರೆ ರಕ್ಷಕರ ಒಪ್ಪಿಗೆ ಬೇಕು. 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಆಯ್ಕೆಯ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿತು. ಒಂದು ಶಾಲೆಯ ಹಕ್ಕು, ಇನ್ನೊಂದು ಮಗುವಿನ ಹಕ್ಕು. ಎರಡರ ನಡುವೆ ಅಮ್ಮನ ಸಹಿ.

ಒಪ್ಪಿಗೆಯೆಂದರೇನು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 2022ರಲ್ಲಿ ಬೆಂಗಳೂರಿನ ಒಂದು ಕ್ರೈಸ್ತ ಶಾಲೆಯ ಪ್ರವೇಶಪತ್ರದಲ್ಲಿ ಮಗು ಬೈಬಲ್ ತರುವುದಕ್ಕೆ ಆಕ್ಷೇಪವಿಲ್ಲವೆಂಬ ಹೇಳಿಕೆಗೆ ಹೆತ್ತವರ ಸಹಿ ಪಡೆದದ್ದು ದೊಡ್ಡ ವಿವಾದವಾಯಿತು. ಸಹಿ ಹಾಕದಿದ್ದರೆ ಪ್ರವೇಶವಿಲ್ಲ ಎಂದಾದಾಗ ಆ ಸಹಿಯನ್ನು ಒಪ್ಪಿಗೆ ಎನ್ನಬಹುದೇ? ಶಸ್ತ್ರಚಿಕಿತ್ಸೆಗೆ ಮೊದಲು ಒಪ್ಪಿಗೆ ಪತ್ರ ಬರೆಸಿಕೊಳ್ಳುವ ನಮ್ಮ ವೃತ್ತಿಯವರಿಗೆ ಈ ಸಂದೇಹ ಚಿರಪರಿಚಿತ. ನನ್ನ ಅಭಿಪ್ರಾಯ ಕೇಳಿದರೆ, ಬೇಡವೆನ್ನಲು ದಾರಿಯಿದ್ದಾಗ ಮಾತ್ರ ಅದು ಒಪ್ಪಿಗೆ.

ಕ್ಯಾಥೊಲಿಕ್ ಹೆತ್ತವರ ಮೇಲೂ ಕಟ್ಟುಪಾಡುಗಳಿದ್ದವು ಎಂಬುದನ್ನು ನಾವು ಮರೆಯುತ್ತೇವೆ. 1917ರ ಚರ್ಚ್ ಕಾನೂನು ಸಂಹಿತೆಯ ಪ್ರಕಾರ ಕ್ಯಾಥೊಲಿಕ್ ಮಗುವನ್ನು ಬೇರೆಯವರ ಶಾಲೆಗೆ ಸೇರಿಸುವುದು ನಿಷಿದ್ಧ. ತೀರ ಅನಿವಾರ್ಯವಾದರೆ ಅದು ಸೈರಿಸಬಹುದಾದದ್ದೇ ಎಂದು ಬಿಷಪರು ತೀರ್ಮಾನಿಸಬೇಕಿತ್ತು. 1965ರ ಅಕ್ಟೋಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಶಿಕ್ಷಣದ ಬಗೆಗೆ ಹೊರಡಿಸಿದ ಘೋಷಣೆಯು, ಮಕ್ಕಳ ಮೊದಲ ಹಾಗೂ ಮುಖ್ಯ ಶಿಕ್ಷಕರು ತಂದೆತಾಯಿಗಳೇ ಎಂದು ಒತ್ತಿ ಹೇಳಿತು. ನಾವು ಶಾಲೆಗೆ ಸೇರಿದ್ದು ಆ ಗಾಳಿ ಬೀಸಿದ ಮೇಲೆ. ಹೆತ್ತವರ ಸಭೆ ಎಂಬುದು ವರ್ಷಕ್ಕೆ ಒಂದೆರಡು ಬಾರಿ ನಡೆಯುತ್ತಿತ್ತು. ನನ್ನ ತಂದೆ ಬಿಳಿ ಪಂಚೆ ಉಟ್ಟು ಕೊನೆಯ ಬೆಂಚಿನಲ್ಲಿ ಕುಳಿತು, ಒಂದು ಮಾತೂ ಆಡದೆ, ತಿರುಗಿ ಬಂದು ಮನೆಯಲ್ಲಿ ಎಲ್ಲವನ್ನೂ ಟೀಕಿಸುತ್ತಿದ್ದರು.

ಈಗ ರಜೆಯ ಪಟ್ಟಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡಲು ಅನುಮತಿ ಬೇಡುತ್ತೇನೆ.

ಜೂನ್ ತಿಂಗಳಲ್ಲಿ ಶಾಲೆ ಮಳೆಯೊಡನೆ ಆರಂಭವಾಗುತ್ತಿತ್ತು. ಹೊಸ ಪುಸ್ತಕದ ವಾಸನೆ ಮತ್ತು ಒದ್ದೆ ಕೊಡೆಯ ವಾಸನೆ ಎರಡೂ ಒಟ್ಟಿಗೆ. ಮೊದಲ ರಜೆಯನ್ನು ಕೊಡುತ್ತಿದ್ದವರು ಸಂತರಲ್ಲ, ಹೊಳೆ. ಹೊಳೆ ತುಂಬಿದರೆ ಆಚೆ ದಡದ ಮಕ್ಕಳು ಬರುವಂತಿಲ್ಲ. ನೇಜಿ ನೆಡುವ ದಿನಗಳಲ್ಲಿ ಅರ್ಧ ತರಗತಿ ಖಾಲಿ; ಡೈರಿಯಲ್ಲಿ ‘ಜ್ವರ’ ಎಂಬ ಕಾರಣ, ಕಾಲಿನ ಬೆರಳುಗಳ ನಡುವೆ ಕೆಸರಿನ ಗುರುತು. ಮಾಸ್ತರರಿಗೆ ಎಲ್ಲವೂ ಗೊತ್ತಿತ್ತು. ಸ್ವೀಡನ್ನಿನಲ್ಲಿ ಅಕ್ಟೋಬರ್ ಕೊನೆಯ ಶರತ್ಕಾಲದ ರಜೆಯನ್ನು ಹಳಬರು ಇಂದಿಗೂ ‘ಆಲೂಗಡ್ಡೆ ರಜೆ’ ಎನ್ನುತ್ತಾರೆ, ಏಕೆಂದರೆ ಮಕ್ಕಳು ಆಲೂಗಡ್ಡೆ ಕೀಳಲು ಹೋಗುತ್ತಿದ್ದರು. ಇಲ್ಲಿಯ ಸರಕಾರ ಅದಕ್ಕೆ ರಜೆಯ ಮರ್ಯಾದೆ ಕೊಟ್ಟಿತು. ನಮ್ಮಲ್ಲಿ ಅದು ಜ್ವರವಾಗಿಯೇ ಉಳಿಯಿತು. ಫೆಬ್ರುವರಿಯ ಕ್ರೀಡಾ ರಜೆಯ ಮೂಲವೂ ಹಿಮದ ಆಟವಲ್ಲ. 1940ರಲ್ಲಿ, ಯುದ್ಧಕಾಲದ ಇಂಧನದ ಅಭಾವದಲ್ಲಿ, ಶಾಲೆಗಳನ್ನು ಬೆಚ್ಚಗಿಡುವ ಖರ್ಚು ಉಳಿಸಲು ಒಂದು ವಾರ ಮುಚ್ಚಿದರು. ಮಕ್ಕಳು ಬೀದಿ ಅಲೆಯದಿರಲೆಂದು ಆಟ ಏರ್ಪಡಿಸಿದರು.

ಜೂನ್ 21 ಸಂತ ಅಲೋಶಿಯಸ್ ಗೊನ್ಜಾಗನ ಹಬ್ಬ. ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡುತ್ತ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, 1591ರಲ್ಲಿ, ರೋಮಿನಲ್ಲಿ ತೀರಿಕೊಂಡ ತರುಣ ಆತ. ವಿದ್ಯಾರ್ಥಿಗಳ ಪಾಲಕ ಸಂತ. ಆಗಸ್ಟ್ 15ರಂದು ಧ್ವಜವಂದನೆ ಮುಗಿಸಿ ಕ್ಯಾಥೊಲಿಕ್ ಗೆಳೆಯರು ಇಗರ್ಜಿಗೆ ಓಡುತ್ತಿದ್ದರು. ಅಂದು ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬವೂ ಹೌದು. ಒಂದೇ ಲಾಡು, ಎರಡು ಕಾರಣ.

ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ಕಂಡವರು ಮರೆಯಲಾರರು. ಮರಿಯಮ್ಮನವರ ಜನ್ಮದಿನ, ಅದರೊಡನೆ ಹೊಸ ತೆನೆಯ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಮೂರ್ತಿಯ ಮುಂದೆ ಎರಚಬೇಕು. ಅಷ್ಟು ಹೂ ಎಲ್ಲಿಂದ ಬರಬೇಕು? ನಮ್ಮ ಹಿತ್ತಿಲುಗಳಿಂದ. ಗೋರಂಟೆ, ದಾಸವಾಳ, ಗದ್ದೆಯ ಬದುವಿನ ಕಾಡುಹೂಗಳೆಲ್ಲ ಬೆಳಗ್ಗೆ ಅಮ್ಮನ ದೇವರ ತಟ್ಟೆಗೂ ಸಂಜೆ ಗೆಳೆಯನ ಬುಟ್ಟಿಗೂ ಹಂಚಿಹೋಗುತ್ತಿದ್ದವು. ಹಬ್ಬದ ದಿನ ಮಕ್ಕಳಿಗೆ ಕಬ್ಬು ಹಂಚುತ್ತಿದ್ದರು. ಆಶೀರ್ವದಿಸಿದ ತೆನೆಯನ್ನು ಮನೆಗೊಯ್ದು ಹೊಸ ಅಕ್ಕಿಯ ಊಟ. ಅಂದು ಮೀನು ಮಾಂಸವಿಲ್ಲ. ಅದೇ ಹೊತ್ತಿಗೆ ಗಣೇಶ ಚೌತಿ, ಅದೇ ಸುಮಾರಿಗೆ ತುಳುವರ ಮನೆಗಳಲ್ಲಿ ಕುರಲ್ ಪರ್ಬ, ಹೊಸ ಅಕ್ಕಿಯ ‘ಪುದ್ವಾರ್’ ಊಟ. ಗದ್ದೆ ಒಂದೇ, ತೆನೆ ಒಂದೇ. ಪಂಚಾಂಗಗಳು ಮಾತ್ರ ಬೇರೆ.

ಜಗಳವಿದ್ದದ್ದು ದಸರೆಯ ವಿಷಯದಲ್ಲಿ. ಸರಕಾರದ ಪಟ್ಟಿಯಲ್ಲಿ ಅಕ್ಟೋಬರಿನಲ್ಲಿ ದೀರ್ಘ ಮಧ್ಯಂತರ ರಜೆ. ಡಿಸೆಂಬರ್ 25ಕ್ಕೆ ಒಂದೇ ದಿನ. ಕ್ರೈಸ್ತ ಶಾಲೆಗಳಿಗೆ ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ರಜೆ ಬೇಕು. ಆದರೆ ಒಟ್ಟು ಕೆಲಸದ ದಿನಗಳು ಕಡಿಮೆಯಾಗುವಂತಿಲ್ಲ. ಅದಕ್ಕೆ ಕಂಡುಕೊಂಡ ಉಪಾಯ, ದಸರಾ ರಜೆಯಿಂದ ಅಷ್ಟು ದಿನ ಕಡಿದು ಡಿಸೆಂಬರಿಗೆ ಸೇರಿಸಿಕೊಳ್ಳುವುದು, ಇಲಾಖೆಯ ಅನುಮತಿಯೊಡನೆ. ಪೆಂಟೆಕಾಸ್ಟಿನ ಸೋಮವಾರ ಕೊಟ್ಟು ಜೂನ್ 6 ಪಡೆದ ಸ್ವೀಡನ್ನಿನವರಿಗಿಂತ ನಮ್ಮವರು ಈ ಕೊಡುಕೊಳ್ಳುವಿಕೆಯಲ್ಲಿ ಹಳಬರು! ಊರಿನ ಇತರ ಶಾಲೆಗಳ ಮಕ್ಕಳು ನವರಾತ್ರಿಯ ಹುಲಿವೇಷದ ಹಿಂದೆ ತಾಸೆಯ ಸದ್ದಿಗೆ ಕುಣಿಯುತ್ತಿರುವಾಗ ನಾವು ಬೀಜಗಣಿತ ಮಾಡುತ್ತಿದ್ದೆವು. ಹುಲಿಗಳು ಶಾಲೆಯ ಗೇಟಿನ ಹೊರಗೇ ಹಾದುಹೋದಾಗ ಆದ ಸಂಕಟ ಇಂದಿಗೂ ಎದೆಯಲ್ಲಿದೆ. ಹೆತ್ತವರು ದೂರಿದರು, ಮುಖ್ಯೋಪಾಧ್ಯಾಯರು ಡಿಸೆಂಬರಿನಲ್ಲಿ ನಿಮ್ಮ ಮಕ್ಕಳಿಗೂ ರಜೆಯಲ್ಲವೇ ಎಂದರು. ಲೆಕ್ಕ ಸರಿ. ಆದರೆ ಹಬ್ಬಕ್ಕೆ ಹಬ್ಬ ಸಮವೆಂದು ಲೆಕ್ಕ ಹಾಕಲು ಬರುವುದಿಲ್ಲ. ಅದೇ ಸಮಯಕ್ಕೆ, ಸರಕಾರಿ ಶಾಲೆಯಲ್ಲಿ ಓದುತ್ತಿದ್ದ ನನ್ನ ಕ್ಯಾಥೊಲಿಕ್ ಗೆಳೆಯನಿಗೆ ಪ್ರತಿವರ್ಷ ಡಿಸೆಂಬರ್ 26ರ ಬೆಳಗ್ಗೆ ಆಗುತ್ತಿದ್ದದ್ದೂ ಇದೇ ಸಂಕಟವೆಂದು ನನಗೆ ಹೊಳೆದದ್ದು ಇಲ್ಲಿ, ದೀಪಾವಳಿಯ ದಿನ ಮಗನನ್ನು ಕತ್ತಲೆಯಲ್ಲಿ ಶಾಲೆಗೆ ಬಿಟ್ಟು ಬರುವಾಗ.

ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತಿದ್ದವು. ಮರುದಿನ ತರಗತಿಯಲ್ಲಿ ತೂಕಡಿಕೆ. ಜನವರಿಯಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಜಾತ್ರೆ. ಅಲ್ಲಿಗೆ ಎಲ್ಲ ಜಾತಿ ಮತದವರೂ ಹರಕೆಯ ಮೇಣದಬತ್ತಿ ಹಿಡಿದು ಹೋಗುವವರೇ. ಆಮೇಲೆ ತಪಸ್ಸಿನ ಕಾಲ, ಪರೀಕ್ಷೆ, ಬೇಸಗೆ. ಶುಕ್ರವಾರಗಳಂದು ಪಕ್ಕದ ಗೆಳೆಯನ ಬುತ್ತಿಯೂ ನನ್ನ ಬುತ್ತಿಯಂತೆಯೇ ಸಸ್ಯಾಹಾರವಾಗುತ್ತಿದ್ದುದರಿಂದ ನನಗೆ ತಪಸ್ಸಿನ ಕಾಲ ಪ್ರಿಯವಾಗಿತ್ತು.

ಸಿಹಿಯನ್ನಷ್ಟೇ ಹೇಳಿದರೆ ಸುಳ್ಳಾಗುತ್ತದೆ. ನನ್ನದು ಕನ್ನಡ ಮಾಧ್ಯಮದ ಶಾಲೆ. ಅಕ್ಕ ಓದಿದ್ದು ಭಗಿನಿಯರು ನಡೆಸುತ್ತಿದ್ದ ಇಂಗ್ಲಿಷ್ ಮಾಧ್ಯಮದ ಬೇರೊಂದು ಶಾಲೆಯಲ್ಲಿ. ಹೆಸರು ಬೇಡ. ಅಲ್ಲಿ ಆವರಣದೊಳಗೆ ಕನ್ನಡವಾಗಲಿ ತುಳುವಾಗಲಿ ಕೊಂಕಣಿಯಾಗಲಿ ಆಡಿದರೆ ದಂಡ. ಚಿಕ್ಕಮ್ಮನ ಮದುವೆಗೆ ಹಚ್ಚಿಸಿಕೊಂಡ ಮದರಂಗಿ ಮಾಸಿರಲಿಲ್ಲವೆಂದು ಅವಳನ್ನು ಒಂದು ದಿನ ತರಗತಿಯ ಹೊರಗೆ ನಿಲ್ಲಿಸಿದರು. ಅಮ್ಮ ಮಾರನೆಯ ದಿನ ಶಾಲೆಗೆ ಹೋದರು. ಇಂಗ್ಲಿಷ್ ಬಾರದು. ತುಳುವಿನಲ್ಲಿಯೇ ಮಾತನಾಡಿದರು. ಎದುರಿಗಿದ್ದ ಹಿರಿಯ ಭಗಿನಿ ಒಂದು ಗಳಿಗೆ ಸುಮ್ಮನಿದ್ದು, ತಾವೂ ತುಳುವಿನಲ್ಲಿಯೇ ಉತ್ತರಿಸಿದರಂತೆ. ಅವರೂ ಬಂಟ್ವಾಳದ ಕಡೆಯ ರೈತರ ಮಗಳು. ದಂಡದ ನಿಯಮ ಬದಲಾಗಲಿಲ್ಲ. ಆದರೆ ಅಕ್ಕನನ್ನು ಆಮೇಲೆ ಯಾರೂ ಹೊರಗೆ ನಿಲ್ಲಿಸಲಿಲ್ಲ.

ಹೊಡೆತದ ವಿಷಯದಲ್ಲಿ ಕ್ಯಾಥೊಲಿಕ್, ಸರಕಾರಿ ಎಂಬ ಭೇದವಿರಲಿಲ್ಲ. ನಾಗರಬೆತ್ತ ಸರ್ವಧರ್ಮ ಸಮನ್ವಯದ ಸಂಕೇತವಾಗಿತ್ತು. ಸ್ವೀಡನ್ನು 1958ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಹೊಡೆಯುವುದನ್ನೂ, 1979ರಲ್ಲಿ ಜಗತ್ತಿನಲ್ಲೇ ಮೊದಲಾಗಿ ಮನೆಯಲ್ಲಿ ತಂದೆತಾಯಿ ಹೊಡೆಯುವುದನ್ನೂ ನಿಷೇಧಿಸಿತು. ನಮ್ಮಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯ ದಂಡನೆಯನ್ನು ನಿಷೇಧಿಸಿತು. ಅದೇ ಕಾಯಿದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳು ಇರಬೇಕೆಂದಿತು. ಸ್ವೀಡನ್ನಿನ ಶಾಲಾವರ್ಷ ಕನಿಷ್ಠ 178 ದಿನ, ಗರಿಷ್ಠ 190. ಖಾಸಗಿ ಶಾಲೆಗಳು ನಾಲ್ಕನೆಯ ಒಂದು ಪಾಲು ಸ್ಥಾನಗಳನ್ನು ಬಡ ಹಾಗೂ ಹಿಂದುಳಿದ ಮಕ್ಕಳಿಗೆ ಕೊಡಬೇಕೆಂಬ ನಿಯಮದಿಂದ ಅಲ್ಪಸಂಖ್ಯಾತರ ಶಾಲೆಗಳನ್ನು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಹೊರಗಿಟ್ಟಿತು; ಆ ತೀರ್ಪನ್ನು ಪುನಃ ನೋಡಬೇಕೆಂದು 2025ರಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಹೇಳಿದ್ದಾರೆ. 1599ರಲ್ಲಿ ಬಡವನನ್ನು ಹಿಂದಕ್ಕೆ ಕಳಿಸಬೇಡಿ ಎಂದು ತಾವೇ ಬರೆದುಕೊಂಡವರ ಶಾಲೆಗಳು ಇದನ್ನು ನ್ಯಾಯಾಲಯದ ಆಜ್ಞೆಗೆ ಕಾಯದೆ ಪಾಲಿಸಿದರೆ ಚೆನ್ನ ಎಂಬುದು ಅವುಗಳ ಹಳೆಯ ವಿದ್ಯಾರ್ಥಿಯಾದ ನನ್ನ ಆಸೆ. ಎಷ್ಟೋ ಶಾಲೆಗಳು ಪಾಲಿಸುತ್ತಲೂ ಇವೆ.

ಇಲ್ಲಿಯ ಕಾನೂನಿನ ಬಗ್ಗೆ ನೀವು ಕೇಳುವ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಹೇಳಿಬಿಡುತ್ತೇನೆ. 1686ರ ಚರ್ಚ್ ಕಾನೂನಿನ ಕಾಲದಲ್ಲಿ ಪಾದ್ರಿಯು ವರ್ಷಕ್ಕೊಮ್ಮೆ ಮನೆಮನೆಗಳವರನ್ನು ಕರೆಸಿ, ಯಜಮಾನನಿಂದ ಆಳುಮಗನವರೆಗೆ ಎಲ್ಲರ ಓದನ್ನೂ ಧರ್ಮಜ್ಞಾನವನ್ನೂ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡುತ್ತಿದ್ದ ದೇಶವಿದು. ಇಂದು ಅದೇ ದೇಶದ ಶಾಲಾ ಕಾನೂನು ಪಾಠ ಮತಬೋಧೆಯಾಗಕೂಡದೆನ್ನುತ್ತದೆ. ಮತೀಯ ಸಂಸ್ಥೆಗಳು ನಡೆಸುವ ಶಾಲೆಗಳಲ್ಲೂ, ಕ್ಯಾಥೊಲಿಕ್ ಶಾಲೆಗಳೂ ಸೇರಿ, ಪಾಠದ ಹೊರಗಿನ ಪ್ರಾರ್ಥನೆಯಲ್ಲಿ ಸೇರುವುದು ಮಗುವಿನ ಇಚ್ಛೆ. ಅಂಥ ಶಾಲೆಗಳು ಶುಲ್ಕ ವಸೂಲು ಮಾಡುವಂತಿಲ್ಲ. ಮಾತೃಭಾಷೆಯ ಪಾಠವನ್ನು 1977ರ ಸುಧಾರಣೆಯಿಂದ ಪುರಸಭೆಗಳು ಕೊಡುತ್ತ ಬಂದಿವೆ. ಐವರು ಮಕ್ಕಳೂ ತಕ್ಕ ಶಿಕ್ಷಕರೂ ಇದ್ದರೆ ಕನ್ನಡಕ್ಕೂ ಅವಕಾಶವುಂಟು. ನಾವು ಅರ್ಜಿ ಹಾಕಬೇಕು, ಅಷ್ಟೇ. ಮಂಗಳೂರಿನ ಹಿರಿಯರು ರೋಮಿಗೇ ಅರ್ಜಿ ಹಾಕಿದ್ದರು. ನಮ್ಮ ಪುರಸಭೆ ಸೈಕಲ್ ದೂರದಲ್ಲಿದೆ.

ರಜೆಯ ವಿಷಯ: ಸ್ವಂತ ಕಾರಣಕ್ಕೆ ಅಲ್ಪಾವಧಿಯ ರಜೆಯನ್ನು ಶಾಲೆ ಕೊಡಬಹುದು, ದೀರ್ಘಾವಧಿಗೆ ವಿಶೇಷವಾದ ಕಾರಣ ಬೇಕು. ಹತ್ತು ದಿನ ಮೀರಿದರೆ ರೆಕ್ಟರರೇ ತೀರ್ಮಾನಿಸಬೇಕು. ಕೊಡಬಹುದು ಎಂದಷ್ಟೇ ಕಾನೂನು, ಕೊಡಲೇಬೇಕೆಂದಿಲ್ಲ.

ನನ್ನ ತಾಯಿಯ ವರ್ಷಾಂತಕ್ಕೆ ಊರಿಗೆ ಹೋಗಲು ಮಗನಿಗೆ ನಾಲ್ಕು ದಿನ ರಜೆ ಬೇಕಿತ್ತು. ಅರ್ಜಿಯಲ್ಲಿ ಕಾರಣ ಬರೆಯುವ ಜಾಗ ಒಂದೂವರೆ ಸಾಲು. ಶ್ರಾದ್ಧವೆಂಬುದನ್ನು ಸ್ವೀಡಿಷ್ ಭಾಷೆಯಲ್ಲಿ ಒಂದೂವರೆ ಸಾಲಿಗೆ ಇಳಿಸಲು ನನಗೆ ಆಗಲಿಲ್ಲ. ‘ಅಜ್ಜಿಗಾಗಿ’ ಎಂದು ಬರೆದೆ. ರೆಕ್ಟರಮ್ಮ ಫೋನು ಮಾಡಿ, ಅಜ್ಜಿಗೆ ಹುಷಾರಿಲ್ಲವೇ ಎಂದು ಕೇಳಿದರು. ಇಲ್ಲ, ತೀರಿಕೊಂಡು ವರ್ಷವಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, ಹಾಗಾದರೆ ಹೋಗಿ ಬನ್ನಿ, ಬಂದ ಮೇಲೆ ಮಗ ತರಗತಿಯಲ್ಲಿ ಅದರ ಬಗ್ಗೆ ಹೇಳಲಿ ಎಂದರು. ಸಹಿ ಹಾಕಲು ಕಾಗದವಿರಲಿಲ್ಲ. ಈಗ ಎಲ್ಲವೂ ಫೋನಿನ ಪರದೆಯಲ್ಲಿ. ಬೆರಳೊತ್ತಿದೆ. ಊರಿನಲ್ಲಿ ಅಮ್ಮನ ಕಪಾಟು ತೆಗೆದಾಗ ನನ್ನ ಏಳನೆಯ ತರಗತಿಯ ಡೈರಿ ಸಿಕ್ಕಿತು. ‘ಗೈರುಹಾಜರಿಗೆ ಕಾರಣ’ದ ಕೆಳಗೆ ಏಳು ಸಲ ‘ಜ್ವರ’ ಎಂದಿತ್ತು. ಏಳೂ ನೇಜಿಯ ದಿನಗಳು, ಏಳಕ್ಕೂ ಅವರ ಸಹಿ.